ಓಜಾರ್ಕ್ ಗುಡ್ಡಗಳಲ್ಲಿ ರಾಟೆಬಿಲ್ಲಿನ ಜಾಡು ಹಿಡಿದು

ಸೇಂಟ್ ಲೂಯಿಸ್ ಬಿಟ್ಟು ನೈರುತ್ಯಕ್ಕೆ ಹೊರಟರೆ ಐ-44 ಹೆದ್ದಾರಿ ಬಹುಪಾಲು ಹಳೆಯ ರೂಟ್ 66ರ ಜಾಡಿನಲ್ಲೇ ಸಾಗುತ್ತದೆ. ಸ್ಪ್ರಿಂಗ್‌ಫೀಲ್ಡ್‌ಗೆ ಸುಮಾರು 350 ಕಿಲೋಮೀಟರ್. ಅಕ್ಟೋಬರ್ ತಿಂಗಳು. ಸುಣ್ಣಕಲ್ಲಿನ ಗುಡ್ಡಗಳನ್ನು ಸೀಳಿಕೊಂಡು ರಸ್ತೆ ಏರಿಳಿಯುತ್ತಿತ್ತು, ಎರಡೂ ಕಡೆ ಓಕ್ ಮರಗಳು ಕೆಂಪು, ಕಂದು, ಬೆಂಕಿಯ ಬಣ್ಣಕ್ಕೆ ತಿರುಗಿದ್ದವು. ಈ ಓಜಾರ್ಕ್ ಸೀಮೆಗೆ ಜನ ಗುಹೆಗಳನ್ನೂ ಹೊಳೆಗಳನ್ನೂ ನೋಡಲು ಬರುತ್ತಾರೆ. ನಾನು ಬಂದದ್ದು ಬಿಲ್ಲು ನೋಡಲು. ಕಾರು ಓಡಿಸುತ್ತಿದ್ದ ಅಕ್ಕನ ಮಗ, "ಮಾವ, ಇಷ್ಟು ದೂರ ಬರೀ ಒಂದು ಬಿಲ್ಲಿಗಾಗಿ?" ಅಂದ. ಹೌದು, ಅದಕ್ಕೇ. ಮನುಷ್ಯ ಸಾವಿರಾರು ವರ್ಷ ಒಂದೇ ತತ್ವದ ಮೇಲೆ ಬಿಲ್ಲು ಮಾಡಿಕೊಂಡು ಬಂದ. ಆ ತತ್ವ ಬದಲಾದದ್ದು ಮಿಸೌರಿಯಲ್ಲಿ.

ಬದಲಾಯಿಸಿದವನು ಹಾಲಿಸ್ ವಿಲ್ಬರ್ ಅಲೆನ್, ಬಿಲ್ಲು ಹಿಡಿದು ಬೇಟೆಗೆ ಹೋಗುತ್ತಿದ್ದ ಮನುಷ್ಯ. ಸಾಮಾನ್ಯ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತದೆ. ಹೆದೆ ಕೆನ್ನೆಗೆ ತಾಕಿ, ಉಸಿರು ಹಿಡಿದು ಗುರಿ ನೋಡಬೇಕಾದ ಹೊತ್ತಿಗೇ ತೋಳು ನಡುಗುತ್ತದೆ. ಅಲೆನ್ ತನ್ನ ಬಿಲ್ಲಿನ ತುದಿಗಳನ್ನು ಗರಗಸದಿಂದ ಕತ್ತರಿಸಿ, ಅಲ್ಲಿಗೆ ಒಂದೊಂದು ರಾಟೆ ಕೂರಿಸಿದ. ನಮ್ಮ ಬಾವಿಯ ರಾಟೆಯಲ್ಲಿ ಅಚ್ಚು ನಟ್ಟನಡುವೆ ಇರುತ್ತದೆ, ಹಾಗಾಗಿ ಕೊಡದ ಭಾರ ಮೊದಲಿಂದ ಕೊನೆಯವರೆಗೂ ಒಂದೇ. ಅಲೆನ್‌ನ ರಾಟೆಯ ಅಚ್ಚು ನಡುವಿನಿಂದ ಪಕ್ಕಕ್ಕೆ ಸರಿದಿತ್ತು. ರಾಟೆ ಉರುಳಿದಂತೆ ಅದರ ಸನ್ನೆಬಲ ಬದಲಾಗುತ್ತದೆ. ಎಳೆತದ ನಡುವೆ ಭಾರ ಏರಿ, ಕೊನೆಯಲ್ಲಿ ತಾನೇ ಇಳಿಯುತ್ತದೆ. ಬಿಲ್ಲಿನೊಳಗೆ ತುಂಬಿದ ಶಕ್ತಿ ಎಲ್ಲಿಗೂ ಹೋಗಿರುವುದಿಲ್ಲ, ಬೆರಳಿಗೆ ಮಾತ್ರ ಹಗುರ. 1966ರ ಜೂನ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1969ರ ಡಿಸೆಂಬರ್‌ನಲ್ಲಿ ಅದು ಕೈಗೆ ಬಂತು. ಟಾಮ್ ಜೆನಿಂಗ್ಸ್ ಎಂಬ ಬಿಲ್ಲುಗಾರ ಅಲೆನ್‌ನಿಂದ ಪರವಾನಗಿ ಪಡೆದು, ಕಾಂಪೌಂಡ್ ಎಂದು ಕರೆಯುವ ಇಂಥ ಬಿಲ್ಲುಗಳನ್ನು ಮಾರುಕಟ್ಟೆಗೆ ತಂದ. ಇಷ್ಟೇ ಕಥೆ. ಆದರೆ ಅಚ್ಚನ್ನು ಒಂದಿಷ್ಟು ಪಕ್ಕಕ್ಕೆ ಸರಿಸುವ ಆಲೋಚನೆ ಅಷ್ಟು ಶತಮಾನ ಯಾರಿಗೂ ಹೊಳೆಯಲಿಲ್ಲವಲ್ಲ ಎಂಬ ಬೆರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಸ್ಪ್ರಿಂಗ್‌ಫೀಲ್ಡ್ ಊರಾಚೆ, ಕಾಡಂಚಿನ ಒಂದು ಬಿಲ್ಲುಗಾರಿಕೆ ಅಂಗಳದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಮಗಾಗಿ ಕಾದಿದ್ದರು. ಮರದ ಮೇಜಿನ ಮೇಲೆ ಎರಡು ಬಿಲ್ಲು. ಒಂದು ಎಪ್ಪತ್ತರ ದಶಕದ್ದು, ಇನ್ನೊಂದು ಈಚಿನದು. ಎರಡೂ ಒಂದೇ ಕುಲದವೆಂದು ನೋಡಿದ ಕೂಡಲೇ ಹೇಳಲಾರಿರಿ.

ಹಳೆಯದು ನಾಲ್ಕಡಿಯಷ್ಟು ಉದ್ದ. ಹಿಡಿ ಮರದ್ದು, ಅರಗು ಹಚ್ಚಿದಂಥ ಹೊಳಪು. ತುದಿಗಳಲ್ಲಿ ದುಂಡನೆಯ ಪುಟ್ಟ ರಾಟೆಗಳು, ಅವುಗಳಿಂದ ಇಳಿದ ಉಕ್ಕಿನ ತಂತಿಗಳು, ತಂತಿಗಳ ಕೊಂಡಿಗೆ ಸಿಕ್ಕಿಸಿದ ಡೇಕ್ರಾನ್ ನೂಲಿನ ಹೆದೆ. ಹೊಸದು ಎರಡೂವರೆ ಅಡಿಗಿಂತ ತುಸು ಹೆಚ್ಚು, ಅಷ್ಟೇ. ಅಲ್ಯೂಮಿನಿಯಂ ಗಟ್ಟಿಯನ್ನು ಯಂತ್ರದಲ್ಲಿ ಕೊರೆದು, ಬೇಡದ ಲೋಹವನ್ನೆಲ್ಲ ತೆಗೆದು, ಜಾಲಂಧ್ರದ ಹಾಗೆ ಉಳಿಸಿದ ಮೈ. ಬಿಲ್ಲಿನ ತೋಳುಗಳು ಮೇಲೊಂದು ಕೆಳಗೊಂದು ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿವೆ. ರಾಟೆಯ ಜಾಗದಲ್ಲಿ ಹೆಸರಿಡಲಾಗದ ಆಕಾರದ ಕ್ಯಾಮ್‌ಗಳು. ಉಕ್ಕಿನ ತಂತಿ ಎಲ್ಲೂ ಇಲ್ಲ, ಹಿಗ್ಗದ ನವೀನ ನೂಲೇ ಎಲ್ಲ ಕೆಲಸ ಮಾಡುತ್ತದೆ.

ಮೊದಲು ಹಳೆಯದನ್ನು ಕೊಟ್ಟರು. ಚರ್ಮದ ಪಟ್ಟಿ ತೊಟ್ಟ ಬೆರಳುಗಳಿಂದ ಎಳೆದೆ. ಭಾರ ನಿಧಾನ ಏರಿತು, ನಿಧಾನ ಇಳಿಯಿತು, ಎಲ್ಲೂ ಧಕ್ಕೆಯಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದು ಸುಮಾರು ಅರ್ಧ. ಬಿಟ್ಟಾಗ ತಂತಿಗಳು ಠಣ್ಣೆಂದವು, ಬಿಲ್ಲು ಮುಂದಕ್ಕೆ ಹಾರಿದಂತಾಯಿತು. ಆಮೇಲೆ ಹೊಸದು. ನನ್ನ ತೋಳಿನ ಅಳತೆಗೆ ಕ್ಯಾಮಿನ ಮೇಲಿನ ಒಂದು ಸಣ್ಣ ಬಿಲ್ಲೆಯನ್ನು ತಿರುಗಿಸಿಕೊಟ್ಟರು. ಇಷ್ಟು ಗಿಡ್ಡ ಬಿಲ್ಲಿನಲ್ಲಿ ಹೆದೆಯ ಕೋನ ಬೆರಳನ್ನು ಹಿಸುಕುವುದರಿಂದ, ಹಿಡಿದು ಬಿಡಲು ರಿಲೀಸ್ ಎಂಬ ಪುಟ್ಟ ಸಾಧನ ಬೇಕು. ಎಳೆದೆ. ಭಾರ ಥಟ್ಟನೆ ತುದಿ ಮುಟ್ಟಿತು, ಅಲ್ಲೇ ನಿಂತಿತು, ಆಮೇಲೆ ಕುಸಿಯಿತು. ಆಚೆಗೆ ಗೋಡೆ ಅಡ್ಡ ಬಂದಂತೆ, ಹೆದೆ ಇನ್ನೊಂದು ಕೂದಲೆಳೆಯಷ್ಟೂ ಹಿಂದೆ ಬರದು. 50 ಪೌಂಡಿನ ಬಿಲ್ಲಿನಲ್ಲಿ ನಾನು ಹಿಡಿದು ನಿಂತದ್ದು 10 ಪೌಂಡ್ ಆಸುಪಾಸು, ನಾಲ್ಕೂವರೆ ಕಿಲೋ! ಬಿಟ್ಟಾಗ ಸದ್ದೇ ಇಲ್ಲವೆನ್ನಬೇಕು. ಒಂದು ತೋಳು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಚಿಮ್ಮಿ ಪರಸ್ಪರರ ಒದೆತವನ್ನು ನುಂಗಿಬಿಡುತ್ತವೆ.

ವೇಗದ ಮಾತು ಬೇರೆಯೇ. ಆಗಿನ ಬಾಣ ಸೆಕೆಂಡಿಗೆ 200 ಅಡಿ ಓಡಿದರೆ ಹೆಚ್ಚು. ಈಗಿನ ಬೇಟೆ ಬಿಲ್ಲುಗಳು ಕಂಪನಿಗಳ ಅಳತೆಯಲ್ಲಿ 330 ಅಡಿ ದಾಟುತ್ತವೆ. ಲೆಕ್ಕ ಹಾಕಿ ನೋಡಿದೆ: 20 ಮೀಟರ್ ಹೋಗುವಷ್ಟರಲ್ಲಿ ಹಳೆಯ ಬಾಣ ಅರ್ಧ ಮೀಟರ್ ಕೆಳಗಿಳಿಯುತ್ತದೆ, ಹೊಸದು 20 ಸೆಂಟಿಮೀಟರೂ ಇಳಿಯದು. ದೂರ ಅಂದಾಜಿಸುವುದರಲ್ಲಿ ತುಸು ತಪ್ಪಿದರೂ ಹೊಸ ಬಿಲ್ಲು ಕಾಪಾಡುತ್ತದೆ.

ನಡುವಿನ ಐವತ್ತು ವರ್ಷದಲ್ಲಿ ಹಲವು ಕೈಗಳು ದುಡಿದಿವೆ. ಎರಡು ರಾಟೆಗಳು ಒಂದೇ ಹೊತ್ತಿಗೆ ಉರುಳದಿದ್ದರೆ ಬಾಣ ಅಡ್ಡಾದಿಡ್ಡಿ. ಇದಕ್ಕೆ ವಿಸ್ಕಾನ್ಸಿನ್‌ನ ಮ್ಯಾಟ್ ಮೆಕ್‌ಫರ್ಸನ್ 1992ರಲ್ಲಿ ಕೊಟ್ಟ ಉತ್ತರ ಒಂಟಿ ಕ್ಯಾಮ್, ಒಂದೇ ಇದ್ದರೆ ಹೊಂದಿಸುವ ಗೋಜಿಲ್ಲ. ಮುಂದೆ ಬಂದ ಬೈನರಿ ಪದ್ಧತಿಯಲ್ಲಿ ಎರಡು ಕ್ಯಾಮ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕಿದರು, ಒಂದನ್ನು ಬಿಟ್ಟು ಇನ್ನೊಂದು ತಿರುಗಲಾರದು.

ಹಾಗಂತ ಹಳೆಯದರಲ್ಲಿ ಗುಣವಿಲ್ಲವೆಂದಲ್ಲ. "ಇದರ ಹೆದೆ ಕಾಡಿನ ನಡುವೆ ಹರಿದರೂ ಕೊಂಡಿ ಬಿಚ್ಚಿ ಹೊಸದು ಹಾಕುತ್ತೇನೆ. ಅದಕ್ಕಾದರೆ ತೋಳು ಅದುಮುವ ಪ್ರೆಸ್ ಯಂತ್ರವೇ ಬೇಕು," ಎಂದರು ಹಿರಿಯರು. ಉದ್ದನೆಯ ಬಿಲ್ಲು ಕೈಯಲ್ಲಿ ಹೆಚ್ಚು ಸ್ಥಿರ. ಪಂದ್ಯಕ್ಕಿಳಿಯುವವರು ಇವತ್ತಿಗೂ ಮೂರಡಿ ಮೀರಿದ ಬಿಲ್ಲನ್ನೇ ಆರಿಸುವುದು ಇದೇ ಕಾರಣಕ್ಕೆ. ಆದರೂ ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ಹೊಸದು. ಹೆಚ್ಚು ಜನರ ತೋಳಿಗೆ ದಕ್ಕುವ ಬಿಲ್ಲು ಅದು.

ಅಕ್ಕನ ಮಗ ಫೋನ್ ತೆಗೆದು ಹಿರಿಯರಿಗೆ ಬರ್ಲಿನ್‌ನ 2023ರ ವಿಶ್ವ ಚಾಂಪಿಯನ್‌ಷಿಪ್ ತೋರಿಸಿದ. ಸತಾರಾದ 17ರ ಹುಡುಗಿ ಅದಿತಿ ಸ್ವಾಮಿ ಕಾಂಪೌಂಡ್ ವಿಶ್ವ ಚಾಂಪಿಯನ್ ಆದ ಪಂದ್ಯ. ಅದೇ ಕೂಟದ ಪುರುಷರ ಫೈನಲ್‌ನಲ್ಲಿ ಓಜಸ್ ದೇವತಳೆ 150ಕ್ಕೆ 150 ಗಳಿಸಿದ್ದ. ಐವತ್ತು ಮೀಟರ್ ಆಚೆ, ಎಂಟು ಸೆಂಟಿಮೀಟರಿನ ವೃತ್ತದೊಳಗೆ ಹದಿನೈದಕ್ಕೆ ಹದಿನೈದು ಬಾಣ! ಆಮೇಲೆ ಶೀತಲ್ ದೇವಿ. ಕಿಶ್ತ್ವಾಡದ, ತೋಳುಗಳಿಲ್ಲದೆ ಹುಟ್ಟಿದ ಹುಡುಗಿ, ಕಾಲಿನಲ್ಲಿ ಕಾಂಪೌಂಡ್ ಬಿಲ್ಲು ಹಿಡಿದು ಭುಜದಿಂದ ಹೆದೆ ಎಳೆಯುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಹಿರಿಯರು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಸಂಜೆ ಬಿಲ್ಲಿಂಗ್ಸ್‌ವರೆಗೆ ಹೋದೆವು. ಅಲೆನ್‌ನ ಹೆಸರಿನೊಂದಿಗೆ ಸೇರಿಕೊಂಡ ಪುಟ್ಟ ಊರು, ಸ್ಪ್ರಿಂಗ್‌ಫೀಲ್ಡ್‌ನಿಂದ ಅರ್ಧ ಗಂಟೆ. ಹುಲ್ಲುಗಾವಲು, ದನಗಳು, ಗೋದಾಮುಗಳು. ಅಲೆನ್ 1979ರಲ್ಲಿ ತೀರಿಕೊಂಡ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಸ್ಪರ್ಧೆಯ ಮೂಲಕ ಕಾಂಪೌಂಡ್ ಬಿಲ್ಲು ಮೊದಲ ಸಲ ಒಲಿಂಪಿಕ್ ಅಂಗಳಕ್ಕೆ ಬರುತ್ತದೆ, ಅಲೆನ್ ಪೇಟೆಂಟಿಗೆ ಅರ್ಜಿ ಹಾಕಿ 62 ವರ್ಷಕ್ಕೆ. ಆ ದಿನ ಟಿವಿ ಮುಂದೆ ಕೂತಾಗ ಗುರಿಹಲಗೆಯನ್ನಷ್ಟೇ ನೋಡಬೇಡಿ. ಹೆದೆ ಹಿಂದಕ್ಕೆ ಬರುವಾಗ ಬಿಲ್ಲಿನ ಎರಡು ತುದಿಗಳಲ್ಲಿ ಏನು ನಡೆಯುತ್ತದೆಂದು ತಪ್ಪದೆ ಗಮನಿಸಿ, ಪಕ್ಕದಲ್ಲಿ ಮಕ್ಕಳಿದ್ದರೆ ಅವರಿಗೂ ತೋರಿಸಿ.