ಒತ್ತು ಅಕ್ಕಾ, ಇನ್ನೂ ಜೋರಾಗಿ

ರಾತ್ರಿ ಎರಡು ಗಂಟೆ. ಜಿಲ್ಲಾ ಆಸ್ಪತ್ರೆಯ ಹೆರಿಗೆ ಕೋಣೆ. ನಿಮ್ಮ ತಂಗಿಗೆ 41 ವಾರ ತುಂಬಿದೆ. ಬೇನೆ ತಾನಾಗಿ ಬರಲಿಲ್ಲ, ಸಂಜೆಯಿಂದ ಆಕ್ಸಿಟೋಸಿನ್ ಡ್ರಿಪ್ ಹನಿಯುತ್ತಿದೆ. ತಾನಾಗಿ ಬರುವ ಬೇನೆ ಸಾಮಾನ್ಯವಾಗಿ ಮೆಲ್ಲಗೆ ಏರುತ್ತದೆ; ಬರಿಸಿದ ಬೇನೆ ಅಷ್ಟು ಸಾವಕಾಶ ಕೊಡದೆ ಮೇಲೆ ಬೀಳಬಹುದು. ಈಗ ಹತ್ತು ನಿಮಿಷಕ್ಕೆ ನಾಲ್ಕು. ಐದು ಮೀರಿದರೆ ಡ್ರಿಪ್ ಇಳಿಸಬೇಕು. ಸಿಸ್ಟರ್ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತ ಎಣಿಸುತ್ತಿದ್ದಾರೆ.

ಅವಳು ಅಂಗಾತ ಮಲಗಿ ಮಂಚದ ಕಂಬಿ ಹಿಡಿದಿದ್ದಾಳೆ. "ಯಾಕಮ್ಮ ಮಲಗೇ ಇದ್ದೀಯ? ಡ್ರಿಪ್ ಸ್ಟ್ಯಾಂಡಿಗೆ ಚಕ್ರ ಇದೆಯಲ್ಲ, ಎದ್ದೇಳು," ಎನ್ನುತ್ತಾರೆ ಸಿಸ್ಟರ್. ಮಗುವಿನ ಎದೆಬಡಿತ ನೋಡುವ ಬೆಲ್ಟಿನ ವೈರು ಎಟುಕುವಷ್ಟು ದೂರ ಸಾಕು. ಅವಳನ್ನು ಎಬ್ಬಿಸಿ, ಮಂಚಕ್ಕೆ ಮೊಣಕೈ ಊರಿ ಬಾಗಿ ನಿಲ್ಲುವಂತೆ ಮಾಡುತ್ತೀರಿ.

"ಬಂತು! ಸೊಂಟ ಮುರೀತಿದೆ ಅಕ್ಕಾ!"

ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಅಂಗೈಯ ಬುಡ ಇಟ್ಟು, ಮೈಭಾರ ಹಾಕಿ ಒತ್ತುತ್ತೀರಿ. ಸವರಿದರೆ ಸಾಲದು. "ಇನ್ನೂ ಜೋರಾಗಿ!" ಬೇನೆ ಇಳಿಯುವವರೆಗೂ ಕೈ ಸಡಿಲಿಸುವಂತಿಲ್ಲ. ನಿಮ್ಮ ತೋಳು ನಡುಗುತ್ತಿದೆ. "ಹಲ್ಲು ಕಚ್ಚಬೇಡಮ್ಮ, ಬಾಯಿ ಬಿಟ್ಟು ಉದ್ದಕ್ಕೆ ಉಸಿರು ಬಿಡು," ಸಿಸ್ಟರ್ ದನಿ.

ಒತ್ತಿದರೆ ನೋವೇಕೆ ತಗ್ಗಬೇಕು? ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ನೋವಿನ ಸಂದೇಶ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲೊಂದು ಬಾಗಿಲಿದೆ. ಸ್ಪರ್ಶ, ಒತ್ತಡಗಳು ಅದನ್ನು ಅರೆಬರೆ ಮುಚ್ಚುತ್ತವೆ. ನೋವು ಮಾಯವಾಗುವುದಿಲ್ಲ, ತಡೆದುಕೊಳ್ಳುವ ಮಟ್ಟಕ್ಕೆ ಬರುತ್ತದೆ. ಅದಕ್ಕೊಂದು ಕೈ ಬೇಕು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಅದಕ್ಕೆ ಮೊದಲಾಗಿದ್ದರೆ ನೀವು ಬಹುಶಃ ಹೊರಗಿನ ಬೆಂಚಿನ ಮೇಲಿರುತ್ತಿದ್ದಿರಿ.

ಬಿಡುವಿನಲ್ಲಿ ಒಂದು ಗುಟುಕು ನೀರು. ಟವೆಲ್ ಸುತ್ತಿದ ಬಿಸಿನೀರಿನ ಚೀಲ ಸೊಂಟಕ್ಕೆ. ಅವಳ ಹೆಗಲು ಇಳಿಯುತ್ತದೆ, ಮುಷ್ಟಿ ಬಿಚ್ಚುತ್ತದೆ. ಮತ್ತೆ ಬೇನೆ. ನೀವು ಅದೇ ಜಾಗಕ್ಕೆ ಅಂಗೈ ಇಡುತ್ತೀರಿ.

"ಕೈ ತೆಗಿ! ಮುಟ್ಟಬೇಡ!"

ಬೆಚ್ಚಿ ಹಿಂದೆ ಸರಿಯುತ್ತೀರಿ. "ಬೇಜಾರು ಮಾಡ್ಕೋಬೇಡಿ," ಸಿಸ್ಟರ್ ನಗುತ್ತಾರೆ, "ಬೇನೆ ಬಲೀತಾ ಹೋದಂಗೆ ಆಗ ಬೇಕಾಗಿದ್ದು ಈಗ ಬೇಡ ಆಗುತ್ತೆ. ಅವಳನ್ನೇ ಕೇಳಿ. ತಡೆಯೋಕಾಗ್ಲಿಲ್ಲ ಅಂದ್ರೆ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನ ಕೇಳೋಣ."

ಎದುರಿಗೆ ಬಂದು ಕೇಳುತ್ತೀರಿ, "ಏನು ಮಾಡಲೇ?"

"ಇಲ್ಲೇ ನಿಂತ್ಕೋ. ನೀನು ಮೊದಲು ಉಸಿರು ಬಿಡು, ನಿನ್ನ ನೋಡ್ಕೊಂಡು ನಾನು ಬಿಡ್ತೀನಿ."