ಗುಹಾಸುರನ ಊರು, ಬೆಳ್ಳಿತೆರೆಯ ಗುಟ್ಟು

ದಾವಣಗೆರೆಯ ಅಂಚಿನ ಆವರಗೆರೆ ಹಿಂದೆ ಪ್ರತ್ಯೇಕವಾದ ಹಳ್ಳಿ. ಇಂದು ಮಹಾನಗರಪಾಲಿಕೆಯ ಒಂದು ಭಾಗ. ಊರು ನಗರದಲ್ಲಿ ಕರಗಿದರೂ ಹೆಸರು ಕರಗಿಲ್ಲ. ಅಲ್ಲಿಂದ ಹೊರಟು, ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯನ್ನು ಹಾದು, ಮತ್ತೂ ಹದಿನೈದು ಕಿಲೋಮೀಟರಿನಷ್ಟು ಸಾಗಿದರೆ ತುಂಗಭದ್ರೆಯ ದಡದಲ್ಲಿ ಹರಿಹರ ಎದುರಾಗುತ್ತದೆ.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವೇ ಈ ಊರಿನ ಹೃದಯ. ಗರ್ಭಗುಡಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಹರನೊಬ್ಬನಿಂದಾಗಲಿ ಹರಿಯೊಬ್ಬನಿಂದಾಗಲಿ ಸಾವು ಬಾರದಂತೆ ವರ ಪಡೆದಿದ್ದ ಗುಹಾಸುರನನ್ನು ಸಂಹರಿಸಲು ಇಬ್ಬರೂ ಒಂದೇ ದೇಹದಲ್ಲಿ ಬಂದರೆಂಬುದು ಸ್ಥಳಪುರಾಣ. ಎರಡು ಮತಗಳ ಕಥೆಯನ್ನೂ ಬಲ್ಲವನಿಗೆ ಈ ಮೂರ್ತಿ ಸ್ನೇಹದ ಮಾತು. ಅರಿಯದವನಿಗೆ ಬರಿಯ ಶಿಲೆ.

ಒಂದು ಕಥೆಯೊಳಗೆ ಇನ್ನೊಂದು ಕಥೆಯನ್ನು ಇರಿಸುವ ಈ ಜಾಣ್ಮೆ ಚಲಚ್ಚಿತ್ರಗಳಲ್ಲಿಯೂ ಉಂಟು; ಆದರೆ ಅಲ್ಲಿ ಅದು ಮರೆಯಲ್ಲಿ ಅಡಗಿರುತ್ತದೆ. 1981ರ ಸಾಹಸಚಿತ್ರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ನಲ್ಲಿ ಪ್ರಾಚೀನ ಈಜಿಪ್ಟಿನ ಕಂಬವೊಂದರ ಮೇಲೆ ಚಿತ್ರಲಿಪಿಯ ನಡುವೆ ಎರಡು ಯಂತ್ರಮಾನವರ ಆಕೃತಿಗಳಿವೆ. ಅವು 1977ರ ‘ಸ್ಟಾರ್ ವಾರ್ಸ್’ನ ಪಾತ್ರಗಳು. ಒಂದರ ನಿರ್ದೇಶಕ ಸ್ಪೀಲ್‌ಬರ್ಗ್, ಇನ್ನೊಂದರದು ಲೂಕಾಸ್, ಇಬ್ಬರೂ ಗೆಳೆಯರು. ಸ್ಪೀಲ್‌ಬರ್ಗರ ಅನ್ಯಲೋಕದ ಜೀವಿ ‘ಇ.ಟಿ.’ಯ ಬಂಧುಗಳಿಗೆ ಲೂಕಾಸ್ 1999ರ ತಮ್ಮ ಚಿತ್ರದ ಅಂತರಿಕ್ಷ ಸಭೆಯಲ್ಲಿ ಆಸನ ಕೊಟ್ಟರು. ಹೀಗೆ ಋಣ ಸಂದಾಯವಾಯಿತು.

ಸ್ಪೀಲ್‌ಬರ್ಗರ 1977ರ ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದಲ್ಲಿ ಆಕಾಶದಿಂದ ಕೇಳಿದ ಐದು ಸ್ವರಗಳನ್ನು ಭಾರತದ ಜನಸ್ತೋಮವೊಂದು ಹಾಡುತ್ತದೆ. ಎರಡು ವರ್ಷದ ಮೇಲೆ ಬಂದ ಜೇಮ್ಸ್ ಬಾಂಡನ ‘ಮೂನ್‌ರೇಕರ್’ನಲ್ಲಿ ಪ್ರಯೋಗಶಾಲೆಯ ಬಾಗಿಲಿನ ಬೀಗ ಅದೇ ಐದು ಸ್ವರಗಳನ್ನು ನುಡಿಯುತ್ತದೆ. ಅದನ್ನು ಕೇಳಿ ನಕ್ಕವರು ಮೊದಲ ಚಿತ್ರವನ್ನು ಕಂಡಿದ್ದವರು ಮಾತ್ರ.

ಕನ್ನಡಿಗರಿಗೂ ಇಂಥದೊಂದು ನಗೆಯ ಗುಟ್ಟು ಇತ್ತು. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರರು ಸಿ.ಐ.ಡಿ. 999 ಆಗಿ ಬಂದರು. ಲೋಹವನ್ನು ಬಂಗಾರವಾಗಿಸುವ ವಿಜ್ಞಾನಿಯ ಸೂತ್ರವೇ ಅಲ್ಲಿನ ಕಥಾವಸ್ತು. ದೊರೆ–ಭಗವಾನ್ ಜೋಡಿಯ ಆ ಪತ್ತೇದಾರ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಚಿತ್ರಗಳನ್ನು ದಾಟಿ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಮರಳಿದನು. ಬಾಂಡನ 007 ಪರಿಚಯವಿದ್ದ ಪ್ರೇಕ್ಷಕನಿಗೆ ಆ ಮೂರು ಒಂಬತ್ತುಗಳ ಚೇಷ್ಟೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂಥ ಗುಟ್ಟಿನ ಆಯುಷ್ಯ ಫಿಲ್ಮಿನ ಸುರುಳಿಯಲ್ಲಿಲ್ಲ, ನೋಡಿದವರ ನೆನಪಿನಲ್ಲಿದೆ. ತಾತ ಟಾಕೀಸಿನ ಬೆಂಚಿನ ಮೇಲೆ ಕುಳಿತು ಕಂಡದ್ದನ್ನು ಮೊಮ್ಮಗನಿಗೆ ಹೇಳದೆ ಹೋದರೆ, 999 ಬರಿಯ ಒಂದು ಸಂಖ್ಯೆಯಾಗುತ್ತದೆ. ಈಜಿಪ್ಟಿನ ಕಂಬದ ಯಂತ್ರಮಾನವರನ್ನು ಗುರುತಿಸುವ ಹುಡುಗನಿಗೆ ತನ್ನ ನುಡಿಯ ಪತ್ತೇದಾರನೇ ಅಪರಿಚಿತನಾಗುತ್ತಾನೆ.

ಹರಿಹರೇಶ್ವರನಿಗೆ ಈ ಭಯವಿಲ್ಲ. ಎಂಟುನೂರು ವರ್ಷಗಳಿಂದ ಹಿರಿಯರು ಮಕ್ಕಳ ಕೈಹಿಡಿದು ಕರೆತಂದು, ಈ ಕಡೆ ಹರ, ಆ ಕಡೆ ಹರಿ ಎಂದು ತೋರಿಸುತ್ತ ಬಂದಿದ್ದಾರೆ. ದರ್ಶನ ಮುಗಿಸಿ ಹಿಂತಿರುಗುವ ಪಯಣಿಗನಿಗೆ ದಾರಿಯಲ್ಲಿ ದಾವಣಗೆರೆ, ಕೊನೆಯಲ್ಲಿ ಆವರಗೆರೆ. ಎರಡು ಹೆಸರುಗಳಲ್ಲಿಯೂ ಒಂದೊಂದು ಕೆರೆ ಅಡಗಿದೆ, ಹೇಳಿಕೊಟ್ಟವರಿದ್ದರೆ ಕಾಣುತ್ತದೆ.