ಡರ್ಬಿಯ ರೇಷ್ಮೆ ಗಿರಣಿಯಲ್ಲೊಂದು ಎಂಜಿನ್

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಡರ್ಬಿಗೆ ರೈಲಲ್ಲಿ ಸುಮಾರು ಒಂದೂವರೆ ಗಂಟೆ. ಆನ್‌ಸೈಟ್ ಕೆಲಸಕ್ಕೆ ಹೋಗಿದ್ದ ನನಗೆ ಬಿಡುವು ಸಿಕ್ಕಿದ್ದು ಒಂದೇ ಶನಿವಾರ. "ಅಲ್ಲೇನಿದೆ ಮಾರಾಯ, ನೋಡೋಕೆ?" ಅಂತ ರೂಮ್‌ಮೇಟ್ ನಕ್ಕ. ಮೆಕ್ಯಾನಿಕಲ್ ಓದಿ ಕೋಡ್ ಬರೆಯೋಕೆ ಬಂದವನ ಹಳೇ ಚಟ ಅವನಿಗೆಲ್ಲಿ ಗೊತ್ತು!

ಡರ್ವೆಂಟ್ ನದಿಯ ದಡದಲ್ಲಿ ರೇಷ್ಮೆ ಗಿರಣಿ ಇದ್ದ ಜಾಗ. 1721ರಲ್ಲೇ ಇಲ್ಲಿ ನೀರಿನ ಚಕ್ರದ ಬಲದಿಂದ ರೇಷ್ಮೆ ನೂಲು ಹುರಿಮಾಡುತ್ತಿದ್ದರಂತೆ. ಈಗದು ಮ್ಯೂಸಿಯಂ ಆಫ್ ಮೇಕಿಂಗ್, ಟಿಕೆಟ್ ಇಲ್ಲ. ಒಳಗೆ ಹೋಗಿ ತಲೆ ಎತ್ತಿದೆ. ನೆತ್ತಿಯ ಮೇಲೇ ರೋಲ್ಸ್-ರಾಯ್ಸ್ ಟ್ರೆಂಟ್ 1000 ಎಂಜಿನ್ ತೂಗ್ತಾ ಇದೆ! ಬೋಯಿಂಗ್ 787ಕ್ಕೆ ಹಾಕೋದು. ಆ ವಿಮಾನದ ಮೈ, ರೆಕ್ಕೆ ಬಹುಪಾಲು ಕಾರ್ಬನ್ ಫೈಬರ್. ಆದರೆ ಈ ಎಂಜಿನ್ನಿನ ಮುಂದಿನ ಫ್ಯಾನ್ ಬ್ಲೇಡ್‌ಗಳು ಟೈಟಾನಿಯಂ.

ಕಾರ್ಬನ್ ಬ್ಲೇಡ್ ಮಾಡಲು ಇದೇ ಊರು 1960ರ ದಶಕದಲ್ಲೇ ಹೊರಟಿತ್ತು. ಆರ್‌ಬಿ211 ಎಂಜಿನ್ನಿಗೆ ಅಂತ ಮಾಡಿದ ಆ ಕಾರ್ಬನ್ ವಸ್ತುವಿನ ಹೆಸರು ಹೈಫಿಲ್. ಸ್ವೆಟರ್ ನೂಲಿನ ಜಾತಿಯ ಅಕ್ರಿಲಿಕ್ ಎಳೆಯನ್ನು ಕರಕಲು ಮಾಡಿ, ರಾಳದಲ್ಲಿ ಅದ್ದಿ, ಪದರ ಪದರವಾಗಿ ಕೂರಿಸಿದರೆ ಉಕ್ಕಿಗಿಂತ ಎಷ್ಟೋ ಹಗುರ, ಆದರೂ ಗಟ್ಟಿ. ತೊಂದರೆ ಏನಂದ್ರೆ, ಅದು ಬಿದಿರಿನ ಹಾಗೆ. ಉದ್ದಕ್ಕೆ ಎಳೆದರೆ ಜಗ್ಗಲ್ಲ, ಪಕ್ಕದಿಂದ ಏಟು ಬಿದ್ದರೆ ಸೀಳಿಹೋಗುತ್ತೆ. ಹಾರುವಾಗ ಹಕ್ಕಿ ಬಡಿದರೆ? 1970ರಲ್ಲಿ ಸತ್ತ ಕೋಳಿ ಹೊಡೆದು ಪರೀಕ್ಷಿಸಿದರು. ಬ್ಲೇಡ್ ಚೂರಾಯಿತು.

ಭಾರದ, ದುಬಾರಿ ಟೈಟಾನಿಯಂಗೆ ಮರಳಬೇಕಾಯಿತು. ಖರ್ಚು ಮೊದಲೇ ಕೈಮೀರಿತ್ತು, ಲಾಕ್‌ಹೀಡ್ ಜೊತೆ ಬೆಲೆ ನಿಗದಿಯಾಗಿಬಿಟ್ಟಿತ್ತು. 1971ರ ಫೆಬ್ರವರಿ 4ರಂದು ರೋಲ್ಸ್-ರಾಯ್ಸ್ ದಿವಾಳಿ; ಸರ್ಕಾರವೇ ಕೈಗೆತ್ತಿಕೊಂಡಿತು. ಟೆಸ್ಟ್ ಫೇಲಾದರೆ ನಮಗೆ ಒಂದು ಬಗ್, ಒಂದು ರಾತ್ರಿಯ ನಿದ್ದೆ. ಇವರಿಗೆ ಊರಿನ ಅನ್ನ.

ಹಾಗಂತ ಆ ಐಡಿಯಾ ತಪ್ಪಾಗಿರಲಿಲ್ಲ. 1995ರಲ್ಲಿ ಸೇವೆಗೆ ಬಂದ ಜಿಇ90 ಎಂಜಿನ್ನಿನಲ್ಲಿ ಕಾರ್ಬನ್ ಬ್ಲೇಡೇ ಇತ್ತು, ಏಟು ಬೀಳುವ ಅಂಚಿಗೆ ಮಾತ್ರ ಟೈಟಾನಿಯಂ ಪಟ್ಟಿ. ನಮ್ಮ ಏರ್ ಇಂಡಿಯಾದ 777ಗಳನ್ನು ಹಾರಿಸುವುದು ಅದೇ ಕುಟುಂಬದ ಎಂಜಿನ್. ಅಷ್ಟು ಚಿಕ್ಕ ಅಂಚು, ಇಪ್ಪತ್ತೈದು ವರ್ಷ!

ಹೊರಗೆ ಬಂದು ನದಿಯ ಪಕ್ಕ ಸ್ಯಾಂಡ್‌ವಿಚ್ ಬಿಚ್ಚಿದೆ. ಬಾತುಕೋಳಿಯೊಂದು ಈಜುತ್ತಾ ಹತ್ತಿರ ಬಂತು. ಎಷ್ಟು ತೂಕ ಇರಬಹುದು ಇದು ಅಂತ ನೋಡ್ತಾ ಕೂತೆ.